ಮಾ ಲೆಂಬಾಳ ಒಡೆಯದ ಗಿಟಾರು

ಲುವೋಜಿಯ ದೋಣಿಕಡವಿನಲ್ಲಿ ಮಾ ಲೆಂಬಾ ಕ್ವಾಂಗಾ ಮಾರುತ್ತಾಳೆ. ಮರಗೆಣಸು ನೆನೆಹಾಕಿ, ಅರೆದು, ಎಲೆಯಲ್ಲಿ ಬಿಗಿಯಾಗಿ ಕಟ್ಟಿ ಬೇಯಿಸುವುದರಲ್ಲಿ ಅವಳನ್ನು ಮೀರಿಸುವವರು ಈ ದಂಡೆಯಲ್ಲಿಲ್ಲ. ಗಂಡ ತೀರಿಕೊಂಡ ಮೇಲೆ ಆ ಬುಟ್ಟಿಯನ್ನು ನಂಬಿಯೇ ಮಗ ಲುಕೊಂಬೊನನ್ನು ಬೆಳೆಸಿದಳು. ಗಂಡ ಬಿಟ್ಟುಹೋದದ್ದು ಒಂದು ಹಳೇ ಗಿಟಾರು, ಅಷ್ಟೇ. ತಂತಿ ಹರಿದಾಗಲೆಲ್ಲ ಹುಡುಗ ಯಾರದಾದರೂ ಸೈಕಲ್ಲಿನ ಬ್ರೇಕ್ ವಯರು ಬಿಚ್ಚಿ, ಎಳೆ ಬಿಡಿಸಿ ಕಟ್ಟುತ್ತಿದ್ದ. ನನ್ನ ಸೈಕಲ್ಲೂ ಹಾಗೇ ಬ್ರೇಕಿಲ್ಲದೆ ಓಡಾಡಿತು. ಕಿವಿ ಹಿಂಡಿದ್ದೇನೆ. ಆದರೆ ಅವನು ನುಡಿಸಲು ಕೂತರೆ ಬೈಗುಳ ನನ್ನ ಬಾಯಲ್ಲೇ ಒಣಗಿಹೋಗುತ್ತಿತ್ತು.

ಕಳೆದ ಮಳೆಗಾಲದಲ್ಲಿ ಗಿಟಾರಿನ ಕತ್ತಿನ ಅಂಟು ಬಿಟ್ಟಿತು. ಅಂಟು ತರುತ್ತೇನೆಂದು ಹುಡುಗ ಆಚೆ ದಡದ ಸಂತೆಗೆ ಹೊರಟ. ಆ ದೋಣಿಯವನು, ಅವನ ಬಾಯಿಗೆ ಮಣ್ಣು ಬೀಳಲಿ, ಮೂಟೆ ತುಂಬಿದ ಹಾಗೆ ಜನ ತುಂಬಿದ್ದ. ನಡುನೀರಿನ ಸುಳಿಯಲ್ಲಿ ದೋಣಿ ಮಗುಚಿತು. ದೋಣಿಯವನು ಈಜಿ ಪಾರಾದ, ಮುಳುಗಿದ ಮಿಕ್ಕವರ ಹೆಣಗಳು ಒಂದೊಂದಾಗಿ ದಡಕ್ಕೆ ಬಂದವು. ಲುಕೊಂಬೊ ಬರಲಿಲ್ಲ.

ಹೆಣ ನೋಡದೆ ಮಗ ಸತ್ತ ಅನ್ನಲು ಲೆಂಬಾ ಒಪ್ಪಲಿಲ್ಲ. ದಿನಾ ಬುಟ್ಟಿಯಿಂದ ಒಂದು ಕ್ವಾಂಗಾ ಎತ್ತಿ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು. ಯಾರು ಕೇಳಿದರೂ ಕೊಡುತ್ತಿರಲಿಲ್ಲ.

"ಅದು ಮಾರೋದಲ್ಲ. ಹಸ್ಕೊಂಡು ಬರ್ತಾನೆ."

ಬರುವ ಪ್ರತಿ ದೋಣಿಯನ್ನೂ ನೋಡುತ್ತಿದ್ದಳು. ಜನ ಇಳಿದು, ದೋಣಿ ಖಾಲಿಯಾದ ಮೇಲೂ ನೋಡುತ್ತಿದ್ದಳು.

ಅಷ್ಟರಲ್ಲಿ ಅವಳ ಅಣ್ಣ ಮವುಂಗುವಿನ ಮೊಮ್ಮಗುವಿಗೆ ಜ್ವರ ಹಿಡಿಯಿತು. ಬಿಡಲೇ ಇಲ್ಲ. ಹಿರಿಯರು ಈಚಲ ಹೆಂಡ ಇಟ್ಟುಕೊಂಡು ಕೂತು ತೀರ್ಮಾನ ಹೇಳಿದರು: ಗೋರಿಯಿಲ್ಲದವನು ಮನೆ ಹುಡುಕುತ್ತ ಅಲೆಯುತ್ತಿದ್ದಾನೆ, ಕೂಸನ್ನು ಹಿಡಿದಿದ್ದಾನೆ. ಗೋರಿ ಕಟ್ಟಿ, ಅವನು ಕೊನೆಗೆ ಮುಟ್ಟಿದ ವಸ್ತುವನ್ನು ಒಡೆದು ಮೇಲಿಡಿ. ಒಡೆಯದ ವಸ್ತು ಸತ್ತವರ ಕೈ ಸೇರುವುದಿಲ್ಲ, ಅದು ನಮಗೆಲ್ಲ ಗೊತ್ತಿದ್ದದ್ದೇ. ಇಂಥದ್ದರಲ್ಲಿ ಸೋದರಮಾವನ ಮಾತೇ ಕೊನೇ ಮಾತು. ಮವುಂಗು ಕಡವಿಗೇ ಬಂದ.

"ನಿನ್ನ ಹಟಕ್ಕೆ ಇನ್ನೊಂದು ಕೂಸೂ ಹೋಗ್ಲಾ, ಲೆಂಬಾ?"

"ಗಿಟಾರು ಒಡೆದ ಮೇಲೆ ಅವನು ಬಂದ್ರೆ ಏನ್ ಕೊಡ್ಲಣ್ಣ? ನಿನ್ನ ಹೆಂಡದ ಬುರುಡೆನಾ?"

ಮರುದಿನ ಬೆಳಿಗ್ಗೆ ನೋಡಿದರೆ ನನ್ನ ಅಂಗಳದಲ್ಲಿ ಕೂತಿದ್ದಾಳೆ, ಗಿಟಾರನ್ನು ಕೂಸಿನ ಹಾಗೆ ಬಟ್ಟೆಯಲ್ಲಿ ಸುತ್ತಿಕೊಂಡು. ಈ ಊರಲ್ಲಿ ಗೋರಿ ಕಟ್ಟುವವನು ನಾನೊಬ್ಬನೇ.

"ಮೇಸ್ತ್ರಿ, ಒಡೆದ ಹಾಗೆ ಕಾಣ್ಬೇಕು. ಒಡೀಬಾರ್ದು."

"ತಲೆ ಕೆಟ್ಟಿದೆಯಾ ಅಕ್ಕ? ನಾನು ಗೋರಿ ಕಟ್ಟೋನು, ಸಂತೇಲಿ ಕಣ್ಕಟ್ಟು ಮಾಡೋನಲ್ಲ!"

"ನಿನ್ನ ಸೈಕಲ್ ವಯರು ಇದ್ರಲ್ಲೇ ಇದೆ, ನೋಡು."

ಕೂಗಾಡಿದೆ. ಕರಣೆ ಎಸೆದೆ. ಅವಳು ಕೂತ ಕಲ್ಲಿನಿಂದ ಏಳಲಿಲ್ಲ. ಕೊನೆಗೆ ಗಿಟಾರು ಕಸಿದುಕೊಂಡು ಒಳಗೆ ಹೋದೆ.

ಸಿಮೆಂಟು ಮರಕ್ಕೆ ಕಚ್ಚದ ಹಾಗೆ ಮೊದಲು ಮೇಣ ಸವರಿದೆ, ಮೇಲೆ ಬಟ್ಟೆ ಸುತ್ತಿ ತೆಳ್ಳಗೆ ಗಾರೆ ಹಚ್ಚಿದೆ. ಅವನು ಉಣ್ಣುತ್ತಿದ್ದ ನೀಲಿ ಅಂಚಿನ ಪಿಂಗಾಣಿ ತಟ್ಟೆ ಒಡೆದು ಅಂಚಿನುದ್ದಕ್ಕೂ ಕೂರಿಸಿದೆ. ಸೊಂಟದ ಹತ್ತಿರ ಹಸಿರು ಸೀಸೆಯ ಚೂರು, ನದಿಯ ಚಿಪ್ಪು. ಹೊಟ್ಟೆಯ ಮೇಲೆ ಕರಿ ಗಾಜಿನ ಚೂರುಗಳನ್ನು ಮಿಂಚಿನ ಹಾಗೆ ಓರೆಯಾಗಿ ಜೋಡಿಸಿದೆ. ದೂರದಿಂದ ನೋಡಿದರೆ ಗಿಟಾರು ಸೀಳಿಹೋದ ಹಾಗೆಯೇ ಕಾಣಬೇಕು. ಅಂಟು ಬಿಟ್ಟ ಕತ್ತನ್ನು ಮುರಿದ ತೋಳಿನಂತೆ ವಾಲಿಸಿ ನಿಲ್ಲಿಸಿದೆ. ದುಂಡನೆಯ ಬಾಯಿಗೆ ಅವನು ತಲೆ ಬಾಚಿಕೊಳ್ಳುತ್ತಿದ್ದ ಕನ್ನಡಿ ಇಟ್ಟು ಮುಚ್ಚಿದೆ. ನಾನು ಕಟ್ಟಿದ ಗೋರಿಗಳಿಗೆ ಲೆಕ್ಕವಿಲ್ಲ. ಇಷ್ಟು ಚೆಂದದ್ದು ಇನ್ನೊಂದಿಲ್ಲ. ಅದನ್ನು ಈ ಹುಡುಗನಿಗೇ ಕಟ್ಟಬೇಕಾಯಿತಲ್ಲ.

ಹೆಣವಿಲ್ಲದ ಗೋರಿಯ ತಲೆಯ ಕಡೆ ಅದನ್ನು ನಿಲ್ಲಿಸಿದ ದಿನ ಕುಲದವರೆಲ್ಲ ಬಂದರು. ನೋಡಿದವರು ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಮವುಂಗು ಹೆಂಡ ಎರೆದು, ಸತ್ತವನಿಗೆ ಬಂದೆವೆಂದು ತಿಳಿಸಲು ಕೋಲಿನಿಂದ ಗಿಟಾರನ್ನು ತಟ್ಟಿದ.

ಅದು ಗುಂಯ್ ಎಂದಿತು. ಒಳಗೆ ಉಳಿದಿದ್ದ ಯಾವುದೋ ವಯರು ಕೂಡ ಮಿಡಿಯಿತು. ಜನ ಹಿಂದೆ ಸರಿದರು.

"ಇದು ಒಡೆದಿಲ್ಲ," ಅಂದ ಮವುಂಗು. "ಮೇಸ್ತ್ರಿ, ಸತ್ತವರ ಹತ್ರಾನೂ ಮೋಸಾನಾ?"

"ಮೋಸ ಮಾಡಿದ್ದು ದೋಣಿಯವನು! ಹೋಗಿ ಅವನ್ನ ಕೇಳು!"

ಅವನು ನನ್ನ ಸುತ್ತಿಗೆ ಎತ್ತಿಕೊಂಡ. ಕೈ ಮೇಲೆ ಹೋಯಿತು. ಅಲ್ಲೇ ನಿಂತಿತು. ಆಮೇಲೆ ಸುತ್ತಿಗೆ ಮಣ್ಣಿಗೆ ಬಿತ್ತು, ಅವನೂ ಅದರ ಪಕ್ಕ ಕುಸಿದ.

"ಈ ಹೆಗಲ ಮೇಲೆ ಕೂತು ಬೆಳೆದೋನು, ಲೆಂಬಾ. ನನ್ ಕೈಲಾಗಲ್ಲಮ್ಮ."

ಅಷ್ಟರಲ್ಲಿ ತಾಯಿಯ ಬೆನ್ನಿಗೆ ಕಟ್ಟಿದ್ದ ಜ್ವರದ ಕೂಸು ಕ್ಷೀಣವಾಗಿ ಅತ್ತಿತು. ಬೆಕ್ಕಿನ ಮರಿಯಷ್ಟೂ ದನಿಯಿಲ್ಲ. ಲೆಂಬಾ ಕೂಸನ್ನು ನೋಡಿದಳು. ನದಿಯನ್ನು ನೋಡಿದಳು. ಎದ್ದುಬಂದು ಸುತ್ತಿಗೆ ಎತ್ತಿಕೊಂಡಳು. ನಾನು ತಡೆಯಲಿಲ್ಲ.

ಒಂದೇ ಏಟು. ಕನ್ನಡಿ ಪುಡಿಯಾಯಿತು, ಜೊತೆಗೆ ಒಳಗಿನ ಮರವೂ ಲಟಕ್ಕೆಂದಿತು. ಹೊಟ್ಟೆಯಲ್ಲಿ ಕಪ್ಪು ತೂತು.

ಅವಳು ಮಂಡಿಯೂರಿದಳು. ಮಡಿಲಿನ ಕ್ವಾಂಗಾ ತೆಗೆದು, ಎಲೆ ಬಿಡಿಸಿ, ಚೂರು ಚೂರು ಮಾಡಿ ಆ ತೂತಿನೊಳಗೆ ಹಾಕತೊಡಗಿದಳು. ಗಾಜಿಗೆ ಕೈ ಕೊಯ್ದು ಕ್ವಾಂಗಾ ಕೆಂಪಾಗುತ್ತಿತ್ತು.

"ತಿನ್ನು ಮಗಾ. ಇವತ್ತು ಸ್ವಲ್ಪ ಗಟ್ಟಿಯಾಗಿದೆ."

ಕೂಸು ಆಮೇಲೆ ಎದ್ದು ಕೂತಿತು. ನೋಡಿದಿರಾ ಎಂದು ಹಿರಿಯರು ಎದೆ ಉಬ್ಬಿಸಿಕೊಂಡು ಓಡಾಡಿದರು. ನನ್ನ ಬಾಯಿಗೆ ಬಂದದ್ದನ್ನು ಹೇಳಿದ್ದರೆ ಹೊಡೆದಾಟವೇ ಆಗುತ್ತಿತ್ತು.

ಮಾ ಲೆಂಬಾ ಈಗಲೂ ಕಡವಿನಲ್ಲಿ ಕ್ವಾಂಗಾ ಮಾರುತ್ತಾಳೆ. ಮಡಿಲಲ್ಲಿ ಏನೂ ಇರುವುದಿಲ್ಲ. ಕೂರುವುದು ನದಿಗೆ ಬೆನ್ನು ಹಾಕಿ.