ಕೊನೆಯ ಬೆಂಚಿಗೊಂದು ಲ್ಯಾಪ್‌ಟಾಪ್

ನನ್ನ ತಮ್ಮನ ಮಗಳು ಸಿಂಚನಾಗೆ ಸೊಕ್ಕು ಬಂದಿದೆ ಎಂದು ಮೊದಲು ಹೇಳಿದವಳು ನಾನೇ. ಅದನ್ನು ಶುರುವಿನಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ಆದದ್ದಿಷ್ಟು. ಒಂದು ಸಂಜೆ ಕಡೂರು ಬಸ್‌ಸ್ಟ್ಯಾಂಡಿನಲ್ಲಿ ಅವಳು ಸ್ಕೂಲ್ ಬ್ಯಾಗ್ ಹೊತ್ತು ಹಿರೇನಲ್ಲೂರಿನ ಬಸ್ಸಿಗೆ ಕಾಯುತ್ತಿದ್ದಳು. ನಾನು ಈಚೆಯಿಂದ ಕೈ ಬೀಸಿದೆ. ನನ್ನತ್ತಲೇ ನೋಡಿದಳು, ಮುಖ ಆಚೆ ತಿರುಗಿಸಿದಳು. ಎತ್ತಿ ಆಡಿಸಿದ ಅತ್ತೆಗೆ ಒಂದು ನಗುವೂ ಇಲ್ಲವೇ? ಮನೆಗೆ ಬಂದವಳೇ ತಮ್ಮನಿಗೆ ಫೋನ್ ಮಾಡಿ, "ಲೋಕಿ, ನಿನ್ನ ಮಗಳಿಗೆ ಸೊಕ್ಕು ಬಂದೈತೆ ಕಣೋ" ಎಂದೆ. ಫೋನು ಸ್ಪೀಕರಿನಲ್ಲಿತ್ತು, ಪಕ್ಕದಲ್ಲೇ ಅವಳೂ ಇದ್ದಳು ಎಂದು ಆಮೇಲೆ ತಿಳಿಯಿತು.

ಅದಾಗಿ ಕೆಲವು ವಾರಗಳ ಮೇಲೆ ಲೋಕಿಯೇ ಫೋನ್ ಮಾಡಿದ. "ಅಕ್ಕ, ಸಿಂಚನಂಗೆ ಮಾರ್ಕ್ಸು ಬಿದ್ದೋಗ್ಬಿಟ್ಟೈತೆ. ಎಂಟ್ನೇ ಕ್ಲಾಸಲ್ಲಿ ಫಸ್ಟ್ ಬತ್ತಿದ್ಲು. ಈಗ ಒಂಬತ್ನೇದ್ರಲ್ಲಿ ಮ್ಯಾತ್ಸು, ಸೈನ್ಸು ಎರಡ್ರಲ್ಲೂ ಅಂಚಿಗೆ ಬಂದೌಳೆ. ನೋಟ್ಸೇ ಸರಿಯಾಗಿ ಬರ್ಕಳಲ್ವಂತೆ. ಒಂದು ಲ್ಯಾಪ್‌ಟಾಪ್ ಕೊಡ್ಸಾಣ ಅಂತ. ಯಾವ್ದು ತಗಳಾದು, ನೀನೇ ಹೇಳು."

ನಾನೇ ಏಕೆ? ಈ ಅಂಕಣವನ್ನು ಟೈಪ್ ಮಾಡಿ ಕಳಿಸುತ್ತೇನಲ್ಲ, ಅಷ್ಟಕ್ಕೇ ನೆಂಟರ ಪಾಲಿಗೆ ನಾನು ಕಂಪ್ಯೂಟರ್ ಎಂಜಿನಿಯರ್. (ಅದು ಹ್ಯಾಂಗ್ ಆದರೆ ನಾನು ಆಫ್ ಮಾಡಿ, ಕಾಫಿ ಕುಡಿದು, ಮತ್ತೆ ಆನ್ ಮಾಡುತ್ತೇನೆ. ನನ್ನ ಎಂಜಿನಿಯರಿಂಗ್ ಅಲ್ಲಿಗೆ ಮುಗಿಯಿತು.) ಆದರೂ ಕೇಳಿದರಲ್ಲ ಎಂಬ ಜಂಬಕ್ಕೆ ಒಪ್ಪಿಕೊಂಡೆ.

ಭಾನುವಾರ ಲೋಕಿಯ ಮನೆಯಲ್ಲಿ ಸಭೆ ಸೇರಿತು. ತರೀಕೆರೆಯಿಂದ ಬಂದಿದ್ದ ಅವನ ಭಾಮೈದ, ಹದಿನಾರು ಜಿಬಿ ರ‍್ಯಾಮ್ ಇಲ್ಲದಿದ್ದರೆ ತಗೊಳ್ಳುವುದೇ ದಂಡ ಎಂದ. ಲೋಕಿಗೆ ಗ್ಯಾರಂಟಿ ಮುಖ್ಯ. ಅವನ ಹೆಂಡತಿ ಶೋಭಾ, "ಮುಟ್ಟಿದ್ರೆ ಓಡೋ ಸ್ಕ್ರೀನ್ ಮಾತ್ರ ಬ್ಯಾಡ. ಹಿಟ್ಟಿನ ಕೈ ತಗಲುತ್ತೆ" ಎಂದಳು. ನಾನು ತೂಕ ಕಡಿಮೆಯಿರಲಿ, ಹುಡುಗಿ ಬ್ಯಾಗಿನಲ್ಲಿ ಹೊರಬೇಕು ಎಂದೆ. ಬಾಗಿಲ ಹತ್ತಿರ ನಿಂತಿದ್ದ ಸಿಂಚನಾ ಒಂದೇ ಮಾತು ಹೇಳಿದಳು: "ಸ್ಕ್ರೀನ್ ದೊಡ್ಡದಿರ್ಲಿ."

"ಸಿನಿಮಾ ನೋಡಾಕಾ?" ಎಂದ ಭಾಮೈದ. ಎಲ್ಲರೂ ನಕ್ಕೆವು. ಅವಳು ಒಳಗೆ ಹೋದಳು.

ಮಾರನೇ ವಾರ ಕಡೂರಿನ ಅಂಗಡಿಗೆ ಹೋದೆವು. ಅಂಗಡಿಯ ರುದ್ರಣ್ಣ ಒಂದು ಕಾಲದಲ್ಲಿ ಟೀವಿ ರಿಪೇರಿ ಮಾಡುತ್ತಿದ್ದವರು. ಯಾವ ಮಷೀನನ್ನಾದರೂ ಬಳಸುವವರ ಕೈಗೆ ಕೊಡದೆ ಮಾರುವುದಿಲ್ಲ. ನಾನು ಚೀಟಿ ತೆಗೆದು ರ‍್ಯಾಮು, ಪ್ರೊಸೆಸರು ಎಂದು ಓದತೊಡಗಿದೆ. ಅವರು ಪೂರ್ತಿ ಕೇಳಲೇ ಇಲ್ಲ. "ಓದೋರು ಯಾರು? ಬಾರಮ್ಮ, ಕೂತ್ಕ" ಎಂದು ಸಿಂಚನಾಳನ್ನು ಕರೆದು ಸ್ಟೂಲಿನ ಮೇಲೆ ಕೂರಿಸಿದರು.

"ಸ್ಕೂಲಿಗೆ ತಗಂಡೋಗಾಕೆ ಬಿಡ್ತಾರಾ?"

ನಾವು ಮುಖ ಮುಖ ನೋಡಿಕೊಂಡೆವು. ಇಷ್ಟು ದಿನ ಇದನ್ನು ಒಬ್ಬರೂ ಕೇಳಿರಲಿಲ್ಲ!

"ಬಿಡಲ್ಲ" ಎಂದಳು ಸಿಂಚನಾ. "ಮನೇಲಿಟ್ಕಳಾಕೆ. ನಮ್ ಕ್ಲಾಸ್ ಬಿಂದು ಅಮ್ಮನ ಫೋನಿಗೆ ನೋಟ್ಸಿನ ಫೋಟೋ ಕಳಿಸ್ತಾಳೆ. ಫೋನಲ್ಲಿ ಅಕ್ಷರ ಇರುವೆ ಥರ ಇರ್ತವೆ. ಇದ್ರಲ್ಲಿ ದೊಡ್ಡದು ಮಾಡ್ಕಂಡು ಬರ್ಕಬೋದು."

"ಬೋರ್ಡಲ್ಲಿ ಬರೀತಾರಲ್ಲ, ಅದನ್ನ ಬರ್ಕಳಾಕೇನೇ ನಿಂಗೆ?" ಶೋಭಾ ರೇಗಿದಳು.

ರುದ್ರಣ್ಣ ಸ್ಕ್ರೀನಿನ ಮೇಲೆ ಒಂದು ಪುಟ ತೆರೆದು ಓದಲು ಹೇಳಿದರು. ಅವಳು ಓದಿದಳು. ಮೂಗು ಸ್ಕ್ರೀನಿಗೆ ತಾಗುವಷ್ಟು ಬಗ್ಗಿ ಓದಿದಳು. ಅವರು ಅವಳ ಭುಜ ಹಿಡಿದು ನೆಟ್ಟಗೆ ಕೂರಿಸಿದರು. ಓದು ನಿಂತಿತು.

"ಅಲ್ಲಿ ಎದುರು ಗೋಡೇಲಿ ಏನು ಬರ್ದೈತೆ ಹೇಳು ಪುಟ್ಟಿ."

ಅವಳು ಕಣ್ಣು ಕಿರಿದು ಮಾಡಿದಳು. "ಅದೇನೋ... ಕೆಂಪಗೈತೆ."

'ಮಾರಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ' ಎಂದು ಅಂಗೈ ಅಗಲದ ಅಕ್ಷರಗಳಲ್ಲಿ ಬರೆದಿತ್ತು.

ರುದ್ರಣ್ಣ ಲ್ಯಾಪ್‌ಟಾಪ್ ಮುಚ್ಚಿದರು. "ಲೋಕೇಶಣ್ಣ, ನಂಗೆ ಯಾಪಾರ ಬ್ಯಾಡ ಅಂತಲ್ಲ. ಮೊದ್ಲು ಕಣ್ಣಿನ ಡಾಕ್ಟ್ರಿಗೆ ತೋರ್ಸ್ರಿ."

ಆಮೇಲೆ ಕೇಳಿದೆವು. ಕೇಳಬೇಕಾದವರು ಕೊನೆಗೂ ಕೇಳಿದೆವು. ಎಂಟನೇ ಕ್ಲಾಸಿನಲ್ಲಿ ಅವಳು ಮುಂದಿನ ಬೆಂಚಿನಲ್ಲಿದ್ದಳಂತೆ. ಬೇಸಿಗೆ ರಜೆಯಲ್ಲಿ ಸರ್ರನೆ ಉದ್ದವಾದಳು. ಉದ್ದ ಇರುವವರು ಹಿಂದೆ ಕೂರಬೇಕು, ಅದು ನಮ್ಮ ಕಾಲದಿಂದಲೂ ಇರುವ ಪದ್ಧತಿ. ಹಾಗಾಗಿ ಈ ವರ್ಷ ಕೊನೆಯ ಬೆಂಚು. ಅಲ್ಲಿಂದ ಬೋರ್ಡಿನ ಮೇಲೆ ಅವಳಿಗೆ ಕಾಣುತ್ತಿದ್ದದ್ದು ಬಿಳಿ ಗೀಚು ಮಾತ್ರ.

"ಹೇಳ್ಬಾರ್ದಾ ಮಗ?" ಲೋಕಿಯ ದನಿ ಇಳಿದಿತ್ತು.

"ಎಲ್ರಿಗೂ ಹಿಂಗೇ ಕಾಣ್ಸುತ್ತೆ ಅನ್ಕಂಡಿದ್ದೆ ಅಪ್ಪ. ಅವ್ರೆಲ್ಲ ಜಾಣ್ರು, ಹಿಂಗೆ ಕಂಡ್ರೂ ಬರ್ಕತಾರೆ. ನಂಗೇ ತಲೆ ಇಲ್ಲ ಅನ್ಕಂಡಿದ್ದೆ."

ನನಗೆ ನಾಚಿಕೆಯಾಯಿತು. ಒಂದು ಮಗು ಆರು ತಿಂಗಳು ತನ್ನನ್ನು ತಾನೇ ದಡ್ಡಿ ಎಂದುಕೊಂಡು ಸ್ಕೂಲಿಗೆ ಹೋಗಿ ಬಂದಿದೆ. ನಾನು ಚೀಟಿಯಲ್ಲಿ ರ‍್ಯಾಮು ಬರೆದುಕೊಂಡು ಕೂತಿದ್ದೆ. ಕನ್ನಡಕ ಹಾಕಿಕೊಂಡೇ ಬರೆದುಕೊಂಡಿದ್ದೆ, ನೋಡಿ.

ಮಕ್ಕಳ ಮಾರ್ಕ್ಸ್ ಇಳಿದರೆ ನಮಗೆ ತಕ್ಷಣ ತೋಚುವುದೇನು? ಟ್ಯೂಷನ್, ಟ್ಯಾಬ್, ಲ್ಯಾಪ್‌ಟಾಪ್. ಅಥವಾ ಬೈಗುಳ. ಇವೆಲ್ಲ ನಮ್ಮ ಕೈಯಲ್ಲಿರುವ ಸುಲಭದ ಉಪಾಯಗಳು. ಮಗುವಿನ ಪಕ್ಕ ಕೂತು ಒಂದು ಪುಟ ಓದಿಸಿ ನೋಡಿದ್ದರೆ ಸಾಕಿತ್ತು. ರುದ್ರಣ್ಣನಿಗೆ ಐದು ನಿಮಿಷದಲ್ಲಿ ಗೊತ್ತಾದದ್ದು ನಮಗೆ ಆರು ತಿಂಗಳಾದರೂ ಗೊತ್ತಾಗಲಿಲ್ಲ. ಅವರಿಗೆ ಅವಳು ಅಪರಿಚಿತೆ, ಅದಕ್ಕೇ ಸರಿಯಾಗಿ ನೋಡಿದರೋ ಏನೋ.

ಸಿಂಚನಾಗೆ ಕನ್ನಡಕ ಬಂದಿದೆ. ದಪ್ಪನೆಯ ಕಪ್ಪು ಫ್ರೇಮು, ಅವಳೇ ಆರಿಸಿದ್ದು. ಮೊದಲ ದಿನ ಹಾಕಿಕೊಂಡು ಮನೆ ಮುಂದಿನ ತೆಂಗಿನ ಮರ ನೋಡಿ, "ಅಮ್ಮ, ಗರೀಲಿ ಒಂದೊಂದೇ ಎಲೆ ಕಾಣ್ತೈತೆ!" ಎಂದು ಕೂಗಿದಳಂತೆ. ಶೋಭಾ ಅಡುಗೆಮನೆಯಲ್ಲಿ ಅತ್ತುಬಿಟ್ಟಳಂತೆ. ಲ್ಯಾಪ್‌ಟಾಪ್ ಸದ್ಯಕ್ಕೆ ಬೇಡ ಎಂದಿರುವುದೂ ಸಿಂಚನಾಳೇ. ಪಿಯುಸಿಗೆ ಬಂದಾಗ ತಗೊಳ್ಳುತ್ತಾಳಂತೆ. ಅದನ್ನೂ ಅವಳೇ ಆರಿಸುತ್ತಾಳಂತೆ, ನಾವು ಯಾರೂ ಬರುವುದು ಬೇಡವಂತೆ.

ಮೊನ್ನೆ ನಾನು ಕಡೂರು ಬಸ್‌ಸ್ಟ್ಯಾಂಡಿನಲ್ಲಿ ತರೀಕೆರೆ ಬಸ್ಸಿಗೆ ಕಾಯುತ್ತಿದ್ದೆ. ಬಂದ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟೆ. ಹಿಂದಿನಿಂದ ಯಾರೋ ನನ್ನ ಸೆರಗು ಹಿಡಿದು ಎಳೆದರು. ತಿರುಗಿದರೆ ಸಿಂಚನಾ, ಏದುಸಿರು ಬಿಡುತ್ತಿದ್ದಳು.

"ಅತ್ತೆ, ಅದು ಅಜ್ಜಂಪುರದ ಬಸ್ಸು! ಅಲ್ಲಿಂದ ಎಷ್ಟೊತ್ತಿಂದ ಕೈ ಬೀಸ್ತಿದೀನಿ, ನೋಡಿದ್ರೂ ಮುಖ ತಿರುಗಿಸ್ಕಂಡ್ರಲ್ಲ?"

ನಾನು ಹಳೇ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡೆ. ಅವಳು ತನ್ನ ಹೊಸ ಕನ್ನಡಕದೊಳಗಿಂದ ನನ್ನನ್ನೇ ನೋಡುತ್ತ ನಕ್ಕಳು:

"ಯಾಕತ್ತೆ, ಸೊಕ್ಕಾ?"