ಕ್ಯಾಪ್ಟನ್ ಬಂದ್ಲು

ಮಕ್ಕಳೇ, ನಿಮ್ಮ ಅಕ್ಕ ಈ ವರ್ಷ ಕಾಲೇಜು ಸೇರಿದಳು. ಮುಲುಂಡಿನ ನಮ್ಮ ಮನೆಗೆ ಅವಳ ಗೆಳತಿಯೊಬ್ಬಳು ದಿನಾ ಬರುತ್ತಿದ್ದಳು. ಇಬ್ಬರೂ ಕೈ ಹಿಡಿದು ಕೂತದ್ದನ್ನು ನಿಮ್ಮಪ್ಪ ಒಮ್ಮೆ ನೋಡಿದ. ಆಮೇಲೆ ಆ ಹುಡುಗಿ ಬರಲಿಲ್ಲ. “ಇನ್ನೊಮ್ಮೆ ಆಕಿ ಸುದ್ದಿ ಬಂದ್ರ ಕಾಲೇಜು ಬಿಡಿಸಿ ಊರಿಗೆ ಕಳಸ್ತೀನಿ” ಎಂದ. ಜೋರಾಗಿ ಹೇಳಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಆ ಹುಡುಗಿ ಕೊಟ್ಟ ಇಂಗ್ಲಿಷ್ ಕಾದಂಬರಿಯೊಂದು ಮಾತ್ರ ಉಳಿದಿತ್ತು. ಮೊದಲ ಪುಟದಲ್ಲಿ ಅವಳ ಕೈಬರಹ. ಏನು ಬರೆದಿದ್ದಾಳೆ ಎಂದು ಕೇಳಿದರೆ ನಿಮ್ಮ ಅಕ್ಕ ಪುಟ ಮಗುಚುತ್ತಿದ್ದಳು. ಹಾಯಿಹಡಗಿನ ಕಾಲದ ಕಥೆ. ಸಂಜೆ ನಾನು ಮೆಂತೆ ಸೊಪ್ಪು ಸೋಸುವಾಗ ಪಕ್ಕದಲ್ಲಿ ಕೂತು ತನ್ನ ಮುರುಕು ಕನ್ನಡದಲ್ಲಿ ಹೇಳುತ್ತಿದ್ದಳು.

“ಹಡಗಿಗೆ ಆಗ್ ಲಗ್ ಗಯೀ ಅಜ್ಜಿ, ಬೆಂಕಿ. ಫಿರ್ ಕ್ಯಾಪ್ಟನ್ ಬಂದ್ಲು. ರಾಜಕುಮಾರಿನ್ನ ಎತ್ಕೊಂಡ್ಲು.”

ಹಿಂದಿ ಬೆರೆಸಿದರೆ ನಾನು ಸುಮ್ಮನಿರುತ್ತಿದ್ದೆ. ಗಂಡಿಗೆ ಹೆಣ್ಣಿನ ಮಾತು ಹಚ್ಚಿದರೆ ತಡೆಯಲಾಗುತ್ತಿರಲಿಲ್ಲ. ನಮ್ಮೂರ ಶಾಲೆಯಲ್ಲಿ ಅದಕ್ಕೆ ಬೆತ್ತದ ಏಟು ಬೀಳುತ್ತಿತ್ತು.

“ಬಂದ್ಲು ಅಲ್ಲ ಕೂಸ, ಬಂದ ಅನ್ನು.”

“ಇಲ್ಲ ಅಜ್ಜಿ, ಬಂದ್ಲು.”

“ಹುಚ್ಚಿ, ಕ್ಯಾಪ್ಟನ್ ಗಂಡಸಲ್ಲೇನ? ಬಂದ!”

“ಬಂದ್ಲು” ಎಂದಳು, ನನ್ನ ಕಣ್ಣನ್ನೇ ನೋಡುತ್ತ, ಮೆಲ್ಲಗೆ.

ಆಗ ತಿಳಿಯಿತು. ಅವಳ ಕನ್ನಡ ತಪ್ಪಿರಲಿಲ್ಲ. ಆದರೆ ನನ್ನ ದನಿ ಆಗಲೇ ಹಾಲ್ ಮುಟ್ಟಿತ್ತು. ಅಲ್ಲಿ ಟಿವಿಯ ಸದ್ದು ನಿಂತಿತು.

ನಿಮ್ಮಪ್ಪ ಬಾಗಿಲಲ್ಲಿ ನಿಂತ. “ಯಾರು ಕೊಟ್ಟ ಪುಸ್ತಕ ಅದು? ತಾ ಇಲ್ಲೆ.”

ನಾನು ಪುಸ್ತಕ ಎಳೆದುಕೊಂಡು ಮಡಿಲಲ್ಲಿ, ಸೊಪ್ಪಿನ ಕೆಳಗೆ ಇಟ್ಟುಕೊಂಡೆ. ಮಗನಿಗೆ ಎದುರಾಡಿದವಳಲ್ಲ ನಾನು.

“ಕತಿ ನಂದಿನ್ನೂ ಮುಗಿದಿಲ್ಲೋ ಯಪ್ಪಾ.”

ಅವನು ನನ್ನ ಮಡಿಲನ್ನೇ ನೋಡಿದ. “ಮುಗಿಸವ್ವಾ. ಮುಗದ ಮ್ಯಾಲೆ ನನ್ನ ಕೈಯಾಗ ಕೊಡು.”

ಮೊದಲ ಪುಟ ಹರಿದುಬಿಡು ಎಂದು ನಿಮ್ಮ ಅಕ್ಕನಿಗೆ ಹೇಳಿದೆ. ಅವಳು ಒಲ್ಲೆ ಎಂದಳು. ಪುಸ್ತಕ ಈಗ ನನ್ನ ದಿಂಬಿನ ಕೆಳಗಿದೆ. ದಿನಕ್ಕೆ ಒಂದೇ ಪುಟ ಓದುತ್ತೇವೆ, ಕೆಲವು ದಿನ ಅರ್ಧ. ನಿಮ್ಮಪ್ಪ ಕೆಲಸದಿಂದ ಬಂದು ಬೂಟು ಬಿಚ್ಚುತ್ತಲೇ ಕೇಳುತ್ತಾನೆ:

“ಎಲ್ಲಿಗೆ ಬಂತವ್ವಾ ಹಡಗ?”

“ಇನ್ನೂ ದಂಡಿ ಕಾಣವಲ್ದಪ್ಪಾ” ಎನ್ನುತ್ತೇನೆ.

ನಿನ್ನೆಯ ಪುಟದಲ್ಲಿ ದಂಡೆ ಕಂಡಿದೆ.