ಪ್ರಾರ್ಥನೆ ಮಾಮನ ಬಾಯಲ್ಲಿ ಉಳಿದ ಮಾತು

ಹೊಲಿಗೆ ಮಷೀನು ರಿಪೇರಿ ಮಾಡುವ ಅವರನ್ನು ಆ ಬೀದಿಯಲ್ಲಿ ಎಲ್ಲರೂ ಪ್ರಾರ್ಥನೆ ಮಾಮ ಎನ್ನುತ್ತಿದ್ದರು. ಹೊಸ ಮನೆಯಿರಲಿ, ಆಸ್ಪತ್ರೆಯ ಮಂಚವಿರಲಿ, ಪ್ರಾರ್ಥನೆಗೆ ಅವರೇ ಬೇಕು. ಎಣ್ಣೆ ಮೆತ್ತಿದ ಕೈ ಒರೆಸಿಕೊಂಡು ಕಣ್ಣು ಮುಚ್ಚಿದರೆಂದರೆ ಮಾತಿಗೆ ತಡೆಯೇ ಇಲ್ಲ; ಎದುರಿಗಿಟ್ಟ ಚಹಾ ಆರಿ ಕೆನೆ ಕಟ್ಟುತ್ತಿತ್ತು. ಭಾನುವಾರದ ಮಕ್ಕಳ ತರಗತಿಯಲ್ಲಿ, "ರಕ್ಷಣೆ ನಮ್ಮ ಸಂಪಾದನೆಯಲ್ಲ ಮಕ್ಕಳೇ, ದೇವರ ಕೃಪೆ," ಎಂದು ಕಲಿಸುತ್ತಿದ್ದವರೂ ಅವರೇ. ಆದರೂ ತಮ್ಮ ಬಾಯಿಯ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆ. ಅದರಿಂದ ಒಂದು ಕೆಟ್ಟ ಮಾತು ಹೊರಬಿದ್ದದ್ದನ್ನು ಯಾರೂ ಕೇಳಿರಲಿಲ್ಲ.

ಅವರ ಹೆಂಡತಿಯ ತಮ್ಮ ಲಾರಿ ಡ್ರೈವರ್. ಬಾಯಿ ತೆರೆದರೆ ಬೈಗುಳ. ಮನಸ್ಸಾದಾಗ ಚರ್ಚಿಗೆ ಬಂದು ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ ಕೂರುವ ಆಸಾಮಿ. "ಕರ್ತನೇ, ನಾಲಿಗೆ ಹರಿಬಿಡುವವರು ನಮ್ಮ ನಡುವೆಯೇ ಇದ್ದಾರೆ," ಎಂದು ಮಾಮ ಎಲ್ಲರ ಮುಂದೆ ಪ್ರಾರ್ಥಿಸಿದರೆ, ಅದು ಯಾರನ್ನು ಕುರಿತದ್ದೆಂದು ತಿಳಿಯಲು ಯಾರೂ ತಿರುಗಿ ನೋಡಬೇಕಾಗಿರಲಿಲ್ಲ. ಡ್ರೈವರ್ ತಲೆ ತಗ್ಗಿಸಿ ಕೂತಿರುತ್ತಿದ್ದ.

ಒಂದು ಬೆಳಿಗ್ಗೆ ಅಂಗಡಿಯಲ್ಲಿ ಸೂಜಿ ಬದಲಿಸುತ್ತಿದ್ದಾಗ ಮಾಮನ ಬಲಗೈ ಜೋತುಬಿತ್ತು. ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಮಾತು ಹೋಯಿತು. ಹೋಯಿತೆನ್ನುವುದೂ ಪೂರ್ತಿ ಸರಿಯಲ್ಲ. ಹೆಂಡತಿ ಗಂಜಿ ತಿನ್ನಿಸಿ, "ಸಾಕಾ?" ಎಂದು ಕೇಳಿದರು. ಮಾಮ ಕಷ್ಟಪಟ್ಟು ಬಾಯಿ ತೆರೆದರು.

"ಹಾಳಾಗ್ಹೋಗ್ಲಿ."

ಹೆಂಡತಿಯ ಕೈಯ ಚಮಚ ಅಲ್ಲೇ ನಿಂತಿತು. ಮಾಮ ತಾವೇ ಬೆಚ್ಚಿಬಿದ್ದರು. ಮತ್ತೆ ಪ್ರಯತ್ನಿಸಿದರು; ಬಂದದ್ದು ಅದೇ. ಪಾರ್ಶ್ವವಾಯು ಹೊಡೆದವರಿಗೆ ಹೀಗಾಗುವುದುಂಟು, ಬೇಕಾದ ಮಾತು ಸಿಗದೆ ಯಾವುದೋ ಒಂದು ಉಳಿದುಬಿಡುತ್ತದೆ ಎಂದರು ಡಾಕ್ಟರು. ಚರ್ಚಿನ ಸಭಾಪಾಲಕರು ನೋಡಲು ಬಂದು, "ದೇವರು ನಿಮ್ಮ ಜೊತೆಗಿದ್ದಾನೆ," ಎಂದಾಗ ಅವರಿಗೆ ಸಿಕ್ಕ ಉತ್ತರವೂ ಅದೇ. ಆಮೇಲೆ ಯಾರು ಬಂದರೂ ಮಾಮ ಗೋಡೆಯ ಕಡೆ ಹೊರಳಿ ಮಲಗುತ್ತಿದ್ದರು.

ಬೇರೆಯವರಿಗೆ ಅದು ಯಾವುದೋ ಒಂದು ಮಾತು. ಅದರ ಹುಟ್ಟೂರು ಮಾಮನಿಗೆ ಮಾತ್ರ ಗೊತ್ತಿತ್ತು. ಬಾಮೈದ ಕುಡಿದು ಬಂದು ಅಕ್ಕನ ಮುಂದೆ ಕೂತು ಅತ್ತಾಗಲೆಲ್ಲ, ಮುಖದಲ್ಲಿ ಶಾಂತಿ ಇಟ್ಟುಕೊಂಡು ಅವರು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದದ್ದು ಅದನ್ನೇ. ಅಷ್ಟೆಲ್ಲ ಪ್ರಾರ್ಥನೆಯ ಅಡಿಯಲ್ಲಿ ಆ ಮಾತು ಬೆಚ್ಚಗೆ ಕೂತಿತ್ತು.

ಮಾಮ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅದೇ ಬಾಮೈದ ದಿನಾ ಲಾರಿ ಹತ್ತುವ ಮೊದಲು ಬರುತ್ತಿದ್ದ. ಭಾವನನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿ, ಬೆನ್ನುಜ್ಜಿ ಸ್ನಾನ ಮಾಡಿಸುತ್ತಿದ್ದ. ಸೋಪು ಜಾರಿದರೆ ಸೋಪಿಗೂ ಬೈಗುಳ ತಪ್ಪುತ್ತಿರಲಿಲ್ಲ. ಒಂದು ದಿನ ತಲೆಗೆ ನೀರು ಹೊಯ್ಯುವಾಗ ಭಾವ ಅಳುತ್ತಿರುವುದು ಗೊತ್ತಾಗಿ ಚೊಂಬು ಕೆಳಗಿಟ್ಟ.

"ಯಾಕ್ ಭಾವ, ನೀರು ಬಿಸಿಯಾಯ್ತಾ?"

ಮಾಮ ಎಡಗೈಯಿಂದ ತಮ್ಮ ಬಾಯಿ ಮುಟ್ಟಿ, ಮೇಲೆ ತೋರಿಸಿ, ಇಲ್ಲವೆಂದು ತಲೆಯಾಡಿಸಿದರು.

"ಪ್ರಾರ್ಥನೆ ಮಾಡೋಕಾಗಲ್ಲ ಅಂತಾನಾ?" ಡ್ರೈವರ್ ಟವೆಲ್ ಎಳೆದುಕೊಂಡ. "ನೀವು ಒಳ್ಳೊಳ್ಳೆ ಮಾತಾಡಿದ್ದಕ್ಕೆ ದೇವರು ಇಷ್ಟು ದಿನ ನಿಮ್ಮನ್ನ ತನ್ನ ಹತ್ರ ಇಟ್ಕೊಂಡಿದ್ದ ಅನ್ಕೊಂಡ್ರಾ? ಹಾಗಿದ್ರೆ ನನ್ನ ಗತಿ ಏನು ಹೇಳಿ. ಸ್ಟೇರಿಂಗ್ ಹಿಡ್ಕೊಂಡು ನಾನು ಅವನ ಹತ್ರ ಮಾತಾಡೋದೆಲ್ಲ ಈ ಭಾಷೇಲೇ. ಅವನಿನ್ನೂ ಕಿವಿ ಮುಚ್ಕೊಂಡಿಲ್ಲ."

ಮಾಮ ಅವನ ಒದ್ದೆ ಮುಂಗೈ ಹಿಡಿದುಕೊಂಡರು. ಕ್ಷಮೆ ಕೇಳಬೇಕಿತ್ತು. ಬಾಯಿಂದ ಬಂದದ್ದು ಮತ್ತೆ, "ಹಾಳಾಗ್ಹೋಗ್ಲಿ."

"ಹೋಗ್ಲಿ ಬಿಡಿ ಭಾವ," ಎಂದ ಅವನು. ಇಬ್ಬರಿಗೂ ತಡೆಯಲಾರದಷ್ಟು ನಗು ಬಂತು. ಅಡುಗೆಮನೆಯಲ್ಲಿದ್ದ ಅಕ್ಕ ಏನಾಯಿತೋ ಎಂದು ಓಡಿ ಬಂದರು.

ಆ ಭಾನುವಾರ ಮಾಮ ಚರ್ಚಿಗೆ ಹೋಗಿ ಬಾಮೈದನ ಪಕ್ಕ ಕೂತರು. ದೇವರಿಗೆ ತೋರಿಸಲು ಈಗ ಅವರ ಹತ್ತಿರ ಏನೂ ಇರಲಿಲ್ಲ. ಆದರೂ ಅವರನ್ನು ಯಾರೂ ಎಬ್ಬಿಸಿ ಹೊರಗೆ ಕಳಿಸಲಿಲ್ಲ. ಮಕ್ಕಳಿಗೆ ಅಷ್ಟು ವರ್ಷ ಹೇಳಿಕೊಟ್ಟ ಕೃಪೆಯ ಪಾಠ ಮೊದಲ ಸಲ ತಮ್ಮ ಕಿವಿಗೂ ಬಿದ್ದಂತಾಯಿತು.

ನಿಧಾನವಾಗಿ ಒಂದೊಂದೇ ಮಾತು ಮರಳಿತು: ನೀರು, ಬಾ, ಹೆಂಡತಿಯ ಹೆಸರು. ಎಡಗೈಯಲ್ಲೇ ಮಷೀನಿಗೆ ಎಣ್ಣೆ ಬಿಡುವುದನ್ನು ರೂಢಿಸಿಕೊಂಡರು. ಬೀದಿಯವರು ಪ್ರಾರ್ಥನೆಗೆ ಕರೆಯುವುದನ್ನು ನಿಲ್ಲಿಸಲಿಲ್ಲ. ಹೋದ ವಾರ ಎದುರುಮನೆಯ ಮಗುವಿಗೆ ಜ್ವರ ಬಂದಾಗ ಮಾಮ ತೊಟ್ಟಿಲ ಬಳಿ ಕೂತು, "ಸ್ವಾಮಿ, ಇದು ನಿನ್ನ ಕೂಸು," ಎಂದರು. ಮುಂದಿನ ಮಾತಿಗೆ ತಡಕಾಡಿದರು, ಸಿಗಲಿಲ್ಲ. ಸುಮ್ಮನೆ ಮಗುವಿನ ಪಾದದ ಮೇಲೆ ಕೈಯಿಟ್ಟರು. ಮಗುವಿನ ತಾಯಿಯೂ ಅವರ ಪಕ್ಕ ನೆಲದ ಮೇಲೆ ಕೂತು ಕಣ್ಣು ಮುಚ್ಚಿದಳು.